ಪೂರ್ಣಾಂಕನ ಅರ್ಧ ಇಂಚು

ಪೂರ್ಣಾಂಕನನ್ನು ಕೆಡಿಸಿದ್ದು ಅರ್ಧ ಇಂಚು. ಅಂಕಿಅಂಶ ಕಚೇರಿಯ ಈ ಗುಮಾಸ್ತನಿಗೆ ಸಹೋದ್ಯೋಗಿಗಳು ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಯಾರಾದರೂ ಅರ್ಧ ಲೋಟ ಚಹಾ ಕೊಟ್ಟರೂ ಅವನಿಗೆ ಚಡಪಡಿಕೆ. ಅರ್ಧವೋ ಅದಕ್ಕಿಂತ ಹೆಚ್ಚೋ ಆದರೆ ಮೇಲಕ್ಕೆ, ಕಡಿಮೆಯಾದರೆ ಕೆಳಕ್ಕೆ; ಶಾಲೆಯಲ್ಲಿ ಕಲಿತ ಈ ಒಂದೇ ಸೂತ್ರ ಹಿಡಿದು ಸಂಸಾರದ ಹೊಳೆ ಈಜುತ್ತಿದ್ದ.

ಹೆಂಡತಿ ನಾಳೆಯಿಂದ ಕೇಕ್ ಮಾಡಿ ಮಾರುವವಳು. ಓವನ್ ಇಡಲು ಫ್ರಿಜ್ಜಿಗೂ ಗೋಡೆಗೂ ನಡುವಿನ ಸಂದಿಗೆ ಒಂದು ಕಪಾಟು ಬೇಕಿತ್ತು. ಪೂರ್ಣಾಂಕ ಟೇಪು ಹಿಡಿದ. ಇಪ್ಪತ್ಮೂರೂವರೆ ಇಂಚು. ಬಡಗಿಗೂ ಹೆಂಡತಿಗೂ "ಇಪ್ಪತ್ನಾಲ್ಕು" ಅಂದ.

ಇಂದು ಬೆಳಿಗ್ಗೆ ಅವಳು ಓವನ್ ತರಲು ಹೊರಟವಳು ಬಾಗಿಲಲ್ಲಿ ತಿರುಗಿ ನಿಂತಳು. "ಸಾಯಂಕಾಲಕ್ಕೆ ಕಪಾಟು ನಿಂತಿರ್ಬೇಕು. ಇಲ್ಲಾಂದ್ರೆ ಹೇಳಿ, ಅಣ್ಣನೇ ಬಂದು ನೋಡ್ಕೋತಾನೆ."

ಭಾವ ನೋಡಿಕೊಂಡ ಕೆಲಸದ ಕತೆ ಆಮೇಲೆ ವರ್ಷಗಟ್ಟಲೆ ನೆಂಟರ ಬಾಯಲ್ಲಿ ಉರುಳುತ್ತದೆಂಬುದು ಅವನಿಗೆ ಗೊತ್ತಿತ್ತು.

ಬಡಗಿಯ ಜೊತೆ ಕಪಾಟು ಬಂತು. ಹೊಸ ಕೊಟ್ಟಿಗೆ ಕಂಡ ಎಮ್ಮೆಯಂತೆ ಸಂದಿಯ ಬಾಯಲ್ಲೇ ನಿಂತುಬಿಟ್ಟಿತು. ಸದ್ದಿಗೆ ಎದುರುಮನೆ ಅಜ್ಜಿ ಓಡಿ ಬಂದರು.

"ಅರ್ಧ ಇತ್ತು ಅಜ್ಜಿ, ಅದಕ್ಕೇ ಮೇಲಕ್ಕೆ ಏರಿಸಿದೆ. ನಿಯಮ ಹಾಗೇ ಇರೋದು."

"ನಿಯಮ ನಿನಗೆ ಗೊತ್ತು, ಗೋಡೆಗೆ ಗೊತ್ತೇನಪ್ಪಾ?"

ಬಡಗಿ ಕಿವಿಯ ಪೆನ್ಸಿಲ್ ತೆಗೆದ. "ಒಳಗೆ ತೂರಿಸೋ ವಸ್ತು ಅಂದ್ರೆ ಕೆಳಗಿಳಿಸ್ಬೇಕು ಸಾರ್. ಇಪ್ಪತ್ಮೂರಕ್ಕೆ ಕೊಯ್ದುಬಿಡ್ಲಾ?"

"ಕೊಯ್ಯಿ!"

ಕಪಾಟು ಸಲೀಸಾಗಿ ಒಳಸೇರಿತು. ಹೊಸ ಜ್ಞಾನದ ಹುಮ್ಮಸ್ಸಿನಲ್ಲಿ ಪೂರ್ಣಾಂಕ ಬಣ್ಣ ತರಲು ಹೋದ. ಒಂದೂಮುಕ್ಕಾಲು ಡಬ್ಬಿ ಬೇಕೆಂದಿದ್ದ ಬಡಗಿ. ಕೆಳಗಿಳಿಸಿ ಒಂದೇ ತಂದ. ಕಪಾಟಿನ ಮುಂಭಾಗ ಅರ್ಧ ಗಡ್ಡ ಬೋಳಿಸಿಕೊಂಡವನ ಹಾಗೆ ಕಂಡಿತು.

ಅಜ್ಜಿ ಹಣೆ ಚಚ್ಚಿಕೊಂಡರು. "ಅಯ್ಯೋ ಮಾರಾಯ, ಕೊಳ್ಳೋವಾಗ ಮೇಲೆ, ತೂರಿಸೋವಾಗ ಕೆಳಗೆ!"

ಪೂರ್ಣಾಂಕ ಬೆರಗಾಗಿ ನಿಂತ. ಸಂಖ್ಯೆಯನ್ನಷ್ಟೇ ನೋಡಿದರೆ ಸಾಲದು, ಅದು ಎಲ್ಲಿಗೆ ಹೊರಟಿದೆ ಎಂದೂ ಕೇಳಬೇಕು! ಇಷ್ಟು ವರ್ಷ ಕಚೇರಿಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಇನ್ನೊಂದು ಡಬ್ಬಿ ತರುವ ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ವಿಚಾರಿಸಿಕೊಂಡ. ಲಿಫ್ಟಿಗೆ ಹತ್ತುವ ಜನ? ಕೆಳಗೆ. ಮದುವೆಗೆ ಹಾಕುವ ಕುರ್ಚಿ? ಮೇಲೆ. ತನ್ನ ವಯಸ್ಸು? ಅದನ್ನು ಹಾಗೇ ಬಿಟ್ಟ.

ಬಣ್ಣ ಒಣಗುವ ಹೊತ್ತಿಗೆ ಹೆಂಡತಿ ಬಂದಳು, ಹಿಂದೆಯೇ ಓವನ್ ಹೊತ್ತ ಭಾವ. "ಭೇಷ್, ಚೆನ್ನಾಗಿದೆ!" ಎಂದಳು. ಪೂರ್ಣಾಂಕನ ಎದೆ ಒಂದಿಂಚು ಮೇಲಕ್ಕೇರಿತು.

ಭಾವ ಓವನ್ ತಳ್ಳಿದ. ಬೆಳಿಗ್ಗೆ ಕಪಾಟು ನಿಂತಂತೆಯೇ ಈಗ ಓವನ್ ಕಪಾಟಿನ ಬಾಯಲ್ಲಿ ನಿಂತಿತು.

"ಇಪ್ಪತ್ನಾಲ್ಕು ಅಂದ್ರಲ್ಲ!" ಹೆಂಡತಿ ಕಣ್ಣರಳಿಸಿದಳು. "ಅದರೊಳಗೆ ಕೂರೋ ಹಾಗೇ ಅಳೆದು ತಂದಿದೀನಿ."

"ಸಂದಿ ಇರೋದೇ ಇಪ್ಪತ್ಮೂರೂವರೆ ಕಣೇ. ಅದಕ್ಕೇ ಕೊಯ್ಸಿದೆ..."

"ನಂಗೊತ್ತಿಲ್ವಾ? ನಿಮ್ಮ ಅರ್ಧ ಯಾವತ್ತು ಮೇಲಕ್ಕೆ ಹೋಗಿಲ್ಲ ಹೇಳಿ! ಅದನ್ನ ನಂಬಿಯೇ ಅಲ್ವಾ ನಾನು ಸಂಸಾರ ಮಾಡ್ತಿರೋದು?" ಎನ್ನುತ್ತ ಅವಳು ಫ್ರಿಜ್ಜಿಗೆ ಸೊಂಟದಿಂದ ಮೆಲ್ಲಗೆ ಒಂದು ನೂಕು ಕೊಟ್ಟಳು. ಫ್ರಿಜ್ಜು ಗಾಲಿಗಳ ಮೇಲೆ ಒಂದಿಂಚು ಆಚೆ ಸರಿದು, ಇಪ್ಪತ್ನಾಲ್ಕರ ಕಪಾಟಿಗೂ ಸಾಕಾಗುವಷ್ಟು ಜಾಗ ಬಿಟ್ಟು ನಿಂತಿತು.

ಭಾವ ಷರಟಿನ ತೋಳು ಮಡಚತೊಡಗಿದ. "ಬಿಡು ತಂಗಿ, ನಾನು ನೋಡ್ಕೋತೀನಿ."