ಉಂಡ್ಯಾ ಎಂದು ಕೇಳುವ ಬಾಟ್

ನಮ್ಮ ಸೋದರಮಾವನ ಲೆಕ್ಕದಲ್ಲಿ ಹಸಿದಿರುವುದು ಕ್ರಿಮಿನಲ್ ಅಪರಾಧ! ಬಾಗಲೂರಿನ ಅವರ ಮನೆಗೆ ಕರೆಂಟ್ ಮೀಟರ್ ನೋಡಲು ಬಂದವನೂ ಮುದ್ದೆ ಉಂಡೇ ಹೋಗಬೇಕು. ಇಂಥವರ ಕೈಗೆ ಚಾಟ್‌ಬಾಟ್ ಸಿಕ್ಕರೆ ಏನಾದೀತು? ಸಿಕ್ಕಿತು. ಕೊಟ್ಟ ಪಾಪಿ ನಾನೇ.

ತಮಿಳುನಾಡಿನ ಗಡಿಯೂರು ಹೊಸೂರಿನ ಒಂದೇ ಕಾರ್ಖಾನೆಯಲ್ಲಿ ನಮ್ಮಿಬ್ಬರ ಅನ್ನ. ಮಾವ ಸ್ಟೋರ್ಸ್, ನಾನು ಕಂಪ್ಯೂಟರ್ ವಿಭಾಗ. ಹೊಸಬರನ್ನು ಟೀಮ್ ಚಾಟ್‌ನಲ್ಲಿ ತಾನಾಗಿ ಸ್ವಾಗತಿಸುವ ಬಾಟ್ ಕೂರಿಸಲು ಮೇಲಿನವರು ನನಗೆ ಹೇಳಿದರು. ನಾನು ಬರೆದ "ವೆಲ್‌ಕಮ್" ನೋಡಿ ಮಾವ ಮೂಗು ಮುರಿದರು.

"ವೆಲ್‌ಕಮ್ ಅಂತ ಕಾಲೊರಸೋ ಚಾಪೆ ಮೇಲೆ ಬರೀತಾರೆ ಕಣ್ಲಾ! ಮನ್ಸ ಬಂದ್ರೆ ಉಂಡ್ಯಾ ಅಂತ ಕೇಳ್ಬೇಕು."

ಯಾವೂರು, ಯಾರ ಪೈಕಿ, ಉಂಡ್ಯಾ? ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರೆಸಿದರು. "ಆಯ್ತು" ಎನ್ನುವವರೆಗೆ ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಲೇ ಇರಬೇಕಂತೆ!

"ಒಂದ್ಸಲ ಕೇಳಿ ಬುಟ್ಬುಟ್ರೆ ಅದು ಉಪಚಾರಾನಾ?"

ನನ್ನದೂ ಒಂದು ಎಡವಟ್ಟು. ಹೊಸಬರಿಗೆ ಮಾತ್ರ ಎಂದು ಹೇಳಿಕೊಡಲು ಮರೆತಿದ್ದೆ. ಬಾಟ್ ಲಾಗಿನ್ ಆದವರನ್ನೆಲ್ಲ, ಆದಾಗಲೆಲ್ಲ ವಿಚಾರಿಸತೊಡಗಿತು. ಇಪ್ಪತ್ತು ವರ್ಷದಿಂದ ಇರುವ ಎಲೆಕ್ಟ್ರಿಷಿಯನ್‌ಗೂ ಯಾವೂರು ಎಂಬ ಪ್ರಶ್ನೆ! ಆತ "ಟೀ ಆಯ್ತು" ಎಂದು ಬರೆದು ತಪ್ಪಿಸಿಕೊಳ್ಳಲು ನೋಡಿದ. ಬಾಟ್ ಬಿಡಲಿಲ್ಲ.

"ಟೀ ಊಟಾನಾ? ಸರಿಯಾಗೇ ಕೇಳ್ತದೆ ಬುಡು," ಎಂದು ಮಾವ ಮೀಸೆ ತಿರುವಿದರು.

ಆದರೆ ಬಾಟ್ ಹೊಸ ಮ್ಯಾನೇಜರನ್ನೂ ಬಿಡಲಿಲ್ಲವಲ್ಲ! ದೂರದ ತಿರುನೆಲ್ವೇಲಿಯಿಂದ ಬಂದು ಇಲ್ಲಿನ ಆಲಸನತ್ತಂ ಬಡಾವಣೆಯಲ್ಲಿ ಒಬ್ಬರೇ ಇರುವ ಮನುಷ್ಯ. ಗಿರಾಕಿಗಳ ಜೊತೆಗಿನ ಮೀಟಿಂಗಿನಲ್ಲಿ ಅವರ ಫೋನ್ ಹನ್ನೊಂದು ಸಲ ತಮಿಳಿನಲ್ಲಿ "ಸಾಪ್ಟಿಯಾ?", ಉಂಡ್ಯಾ, ಎಂದಿತು. ಹೊರಬಂದವರೇ ನನ್ನನ್ನು ಕರೆದು ಸಂಜೆಯೊಳಗೆ ಅದನ್ನು ಕಿತ್ತುಹಾಕು ಎಂದರು.

ಮಾವನ ಮುಖ ಬಾಡಿತು. "ನಾನು ಸೇರಿದ್ ದಿನ ಕ್ಯಾಂಟೀನ್‌ಗೆ ಕೂಪನ್ ಬೇಕು ಅಂತಾನೇ ಗೊತ್ತಿರ್ಲಿಲ್ಲ. ದಿನಪೂರ್ತಿ ನೀರ್ ಕುಡ್ದೆ ಕಣ್ಲಾ. ಒಬ್ಬನೂ ಕೇಳ್ಲಿಲ್ಲ."

ನನಗೆ ಸಂಕಟವಾಯಿತು. ಅಳಿಸುವ ಮುನ್ನ ಬಾಟ್‌ಗೆ ಬಂದ ಉತ್ತರಗಳನ್ನು ತೆರೆದೆ. ಮ್ಯಾನೇಜರದು ಹತ್ತು ಸಲ "ಸ್ಟಾಪ್". ಹನ್ನೊಂದನೆಯದು ಮಾತ್ರ ಬೇರೆ: "ಇಲ್ಲೈ". ಉಂಡಿಲ್ಲ!

ಮಾವ ಅದನ್ನು ನೋಡಿದವರೇ ತಮ್ಮ ಬುತ್ತಿ ಡಬ್ಬಿ ಎತ್ತಿಕೊಂಡು ಕ್ಯಾಬಿನ್ನಿಗೆ ನಡೆದರು. ಗಾಜಿನ ಬಾಗಿಲಾಚೆ ನಿಂತ ನನಗೂ ಕೇಳಿಸುತ್ತಿತ್ತು: "ಮುದ್ದೆ ಅಗೀಬಾರ್ದು ಸಾರ್, ನುಂಗ್ಬೇಕು! ಮುಳುಂಗುಂಗೊ!" ಮ್ಯಾನೇಜರ್ ಕಣ್ಣು ಒರೆಸಿಕೊಂಡರು. ಉಪ್ಪೆಸರಿನ ಖಾರಕ್ಕೇ ಇರಬೇಕು. ಬಾಟ್ ಕೀಳುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಮಾವ ಖಾಲಿ ಡಬ್ಬಿಯೊಂದಿಗೆ ಸ್ಟೋರ್ಸ್‌ಗೆ ಮರಳಿ ಲಾಗಿನ್ ಆದರು. ಬಾಟ್ ತಕ್ಷಣ ಕೇಳಿತು: "ಉಂಡ್ಯಾ?"

ಮಾವ ಒಂದು ಲೋಟ ನೀರು ಕುಡಿದರು. ಆಮೇಲೆ ಒಂದೇ ಬೆರಳಲ್ಲಿ, ನಿಧಾನವಾಗಿ, "ಆಯ್ತು" ಎಂದು ಒತ್ತಿದರು.

ಬಾಟ್ ನಂಬಿ ಸುಮ್ಮನಾಯಿತು. ನಾನು ಕೂಪನ್ ಹರಿದುಕೊಂಡು, ಅವರ ಕೈಹಿಡಿದು ಕ್ಯಾಂಟೀನಿಗೆ ಕರೆದುಕೊಂಡು ಹೋದೆ.