ಮಾವನ ಮಾಡ್ಯೂಲಿಗೆ ಹೂ ಕೇಳಿದ್ದು

ನನ್ನ ಸೋದರಮಾವನಷ್ಟು ಎಚ್ಚರಿಕೆಯ ಮನುಷ್ಯ ಇಡೀ ಕೊಯಮತ್ತೂರು ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ. ಅವರ ಎರಡು ವಿಮಾನಗಳು ನೆಲಕ್ಕೆ ಬಿದ್ದದ್ದು ಆ ಎಚ್ಚರಿಕೆಯಿಂದಲೇ!

ಗಾಬರಿ ಬೇಡ, ಯಾರಿಗೂ ಗಾಯವಾಗಲಿಲ್ಲ. ಅವಿನಾಶಿಯ ಹತ್ತಿರ ಆರು ಪವರ್‌ಲೂಮ್ ಓಡಿಸುತ್ತಿದ್ದ ಮಾವನಿಗೆ, ಹಗುರ ಮರದ ಪುಟ್ಟ ವಿಮಾನ ಕಟ್ಟಿ ರೇಡಿಯೊ ಕಂಟ್ರೋಲಿನಿಂದ ಹಾರಿಸುವ ಹುಚ್ಚಿತ್ತು. ಮೊದಲನೆಯದು ಮೇಲಿರುವಾಗಲೇ, ಬ್ಯಾಟರಿ ಸುಮ್ಮನೆ ಖರ್ಚಾಗದಿರಲಿ ಎಂದು ಕಂಟ್ರೋಲ್ ಆರಿಸಿಬಿಟ್ಟರು. ಎರಡನೆಯದಕ್ಕೆ, ಭದ್ರವಾಗಿರಲಿ ಎಂದು ಮಗ್ಗದ ಬೋಲ್ಟು ಹಾಕಿದರು. ಅದು ಬಲು ಭದ್ರವಾಗಿ ಜೋಳದ ಹೊಲದಲ್ಲಿ ಹೂತುಹೋಯಿತು.

ಅತ್ತೆ ತೀರ್ಪು ಕೊಟ್ಟರು: "ಮೂರನೇದೂ ಬಿತ್ತೋ, ನೀರೊಲೆಗೆ ಹಾಕ್ತೀನಿ. ಆಮೇಲೆ ಈ ಮನೇಲಿ ವಿಮಾನದ ಮಾತೇ ಇರಬಾರ್ದು!"

ಇದು ಎಂಬತ್ತರ ದಶಕದ ಮಾತು. ಸಿಂಗಾಪುರದ ಗೆಳೆಯರೊಬ್ಬರು ಮಾವನಿಗಾಗಿ ಹೊಸ ಕಂಟ್ರೋಲ್ ಕೊಂಡು ಕಾಗದ ಬರೆದರು. ಅದರ ಬೆನ್ನಿಗೆ ಸಿಕ್ಕಿಸುವ ಮಾಡ್ಯೂಲನ್ನು ಬೇರೆಯೇ ಕೊಳ್ಳಬೇಕಂತೆ. ಬೆಂಕಿಪೊಟ್ಟಣದಷ್ಟಿರುವ ಆ ಡಬ್ಬಿಯೇ ನಮ್ಮ ಮಾತನ್ನು ರೇಡಿಯೊ ಅಲೆಯಾಗಿಸಿ ವಿಮಾನಕ್ಕೆ ಮುಟ್ಟಿಸುವುದು. ಅಂಗಡಿಯಲ್ಲಿ ಅಲೆಯ ಸಂಖ್ಯೆಯಂತೆ ಎರಡು ಬಗೆ: ಮೂವತ್ತೈದು, ಎಪ್ಪತ್ತೆರಡು. ಯಾವುದು ಬೇಕು?

ಪತ್ರಿಕೆಯಲ್ಲಿ ಕೆಲಸ ಮಾಡುವವನಿಗೆ ಎಲ್ಲ ಗೊತ್ತಿರುತ್ತದೆಂಬ ತಪ್ಪು ತಿಳಿವಳಿಕೆಯಿಂದ ಮಾವ ನನ್ನ ಬಳಿ ಬಂದರು. ನಾನು ಪೀಳಮೇಡಿನ ಕಾಲೇಜಿನ ಅಧ್ಯಾಪಕರೊಬ್ಬರ ಬಳಿಗೆ ಕರೆದೊಯ್ದೆ. ಅವರು ಎರಡೇ ಮಾತಿನಲ್ಲಿ ಮುಗಿಸಿದರು: "ನಿಮ್ಮ ಕಡೆ ಬೇರೆ ಯಾರು ಹಾರಿಸ್ತಾರೋ ಅವರನ್ನ ಕೇಳಿ. ಅವರ ಹತ್ರ ಇಲ್ಲದ್ದನ್ನ ತಗೊಳ್ಳಿ. ಇಬ್ಬರೂ ಒಂದೇ ಅಲೇಲಿ ಸ್ವಿಚ್ ಹಾಕಿದ್ರೆ ವಿಮಾನ ಯಾರ ಮಾತೂ ಕೇಳದೆ ಬೀಳುತ್ತೆ."

ಇಷ್ಟು ಸುಲಭವೇ? ಅಲ್ಲ! ನಮ್ಮ ಕಡೆ ಹಾರಿಸುತ್ತಿದ್ದ ಇನ್ನೊಬ್ಬರೆಂದರೆ ಪಲ್ಲಡದಲ್ಲಿ ಕೋಳಿ ಫಾರಂ ಇಟ್ಟಿದ್ದ ಮಾವನ ಷಡ್ಡಕ, ಅತ್ತೆಯ ತಂಗಿಯ ಗಂಡ. ವಿಮಾನದ ಹುಚ್ಚು ಇಬ್ಬರಿಗೂ ಒಟ್ಟಿಗೇ ಹಿಡಿದದ್ದು. ಆಮೇಲೆ ಯಾರದೋ ಮದುವೆಯ ಕರೆಯೋಲೆಯಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ಜಗಳವಾಗಿ, ನಾಲ್ಕು ವರ್ಷದಿಂದ ಎರಡು ಮನೆಗೂ ಮಾತಿಲ್ಲ. ನಡುವಿನ ಒಣಕೆರೆಯ ಅಂಗಳದಲ್ಲಿ ಭಾನುವಾರ ಮಾವ, ಶುಕ್ರವಾರ ಅವರು ಹಾರಿಸುತ್ತಿದ್ದರು.

"ಒಂದ್ ಮಾತು ಕೇಳಿದ್ರೆ ನಿಮ್ಮ ಮೀಸೆ ಉದುರ್ತದಾ?" ಎಂದರು ಅತ್ತೆ.

"ಅವನ ಹತ್ರ ನಾನಾ? ಅವನ್ಗೆ ಕೋಳಿ ಹಾರಿಸೋಕ್ಕೂ ಬರಲ್ಲ!"

"ನಾನೇ ಒಂದ್ ಕಾಗದ ಹಾಕ್ಲಾ?"

"ಬ್ಯಾಡ! ಅಮ್ಮನ್ನೇ ಕೇಳ್ತೀನಿ."

ಅಮ್ಮ ಎಂದರೆ ಕುಲದೇವತೆ ಚೌಡೇಶ್ವರಿ. ನಮ್ಮವರಲ್ಲಿ ಸಂಬಂಧ ಕೂಡಿಸುವ ಮೊದಲು ಹೂ ಕೇಳುತ್ತಾರೆ: ಬಿಳಿ ಹೂವೊಂದು, ಕೆಂಪು ಹೂವೊಂದು, ಎರಡನ್ನೂ ಒಂದೇ ಥರ ಎಲೆಯಲ್ಲಿ ಸುತ್ತಿ ದೇವಿಯ ಮುಂದಿಟ್ಟು ಒಂದನ್ನು ಎತ್ತಿಸುವುದು. ಅಷ್ಟು ಗಂಡುಹೆಣ್ಣುಗಳನ್ನು ಕೂಡಿಸಿದ ತಾಯಿ ಒಂದು ಮಾಡ್ಯೂಲ್ ಆರಿಸಲಾರಳೇ?

"ಏನ್ ಕೇಳ್ಬೇಕು ಸ್ವಾಮಿ?" ಎಂದರು ಪೂಜಾರಿ.

"ಮೂವತ್ತೈದಾ, ಎಪ್ಪತ್ತೆರಡಾ ಅಂತ."

ಪೂಜಾರಿ ಕೈಮುಗಿದರು. "ಇದ್ಕೆ ಹೂ ಯಾಕೆ ಸ್ವಾಮಿ? ಗಂಡಿಗೆ ಮೂವತ್ತೈದೇ ಜಾಸ್ತಿ!"

ಬಿಳಿ ಬಂದರೆ ಮೂವತ್ತೈದು ಎಂದು ಗೊತ್ತುಮಾಡಿಕೊಂಡರು. ಬಂದದ್ದು ಕೆಂಪು. ಎಪ್ಪತ್ತೆರಡು! ಅದೇ ಸಂಜೆ ಸಿಂಗಾಪುರಕ್ಕೆ ಕಾಗದ ಹೋಯಿತು.

ಮೂರನೆಯ ವಿಮಾನ ಸಿದ್ಧವಾದಾಗ ಅತ್ತೆ ಒಂದೇ ಹಟ ಹಿಡಿದರು: "ಅಮ್ಮ ಕೊಟ್ಟಿದ್ದು, ಶುಕ್ರವಾರಾನೇ ಹಾರಿಸ್ಬೇಕು." ಹೂ ಕೇಳಿ ಬಂದವರು ಶುಕ್ರವಾರ ಬೇಡವೆನ್ನುವುದು ಹೇಗೆ?

ನಾವು ಕೆರೆಯಂಗಳ ಮುಟ್ಟಿದಾಗ ಷಡ್ಡಕರ ವಿಮಾನ ಆಗಲೇ ಮೇಲಿತ್ತು. ಕಂಟ್ರೋಲಿನ ಆಂಟೆನಾಗೆ ತಮ್ಮ ಅಲೆಯ ಸಂಖ್ಯೆ ಬರೆದ ಚೀಟಿ ಕಟ್ಟುವುದು ಹಾರಿಸುವವರ ಪದ್ಧತಿ. ಅವರ ಚೀಟಿಯಲ್ಲಿ ಎಪ್ಪತ್ತೆರಡು! ಮಾವನ ಮುಖ ಸುಣ್ಣವಾಯಿತು. ನಾನು ಆಮೇಲೆ ವಿಚಾರಿಸಿದೆ: ಅವರು ಹೂ ಕೇಳಿದ್ದೂ ಅದೇ ಗುಡಿಯಲ್ಲಿ.

ಮಾವನ ಹೆಬ್ಬೆರಳು ಸ್ವಿಚ್ಚಿನ ಮೇಲಿತ್ತು. ಒತ್ತಿದರೆ ಸಾಕು, ನಾಲ್ಕು ವರ್ಷದ ಸೇಡು ಕ್ಷಣದಲ್ಲಿ ತೀರುತ್ತಿತ್ತು. ಗೊತ್ತಿರಲಿಲ್ಲ ಎಂದರೆ ಯಾರೂ ಅಲ್ಲವೆನ್ನುವಂತಿರಲಿಲ್ಲ. ಮಾವ ಮಾಡ್ಯೂಲನ್ನೇ ಕಿತ್ತು ಅತ್ತೆಯ ಅಂಗೈಗೆ ಹಾಕಿದರು. "ಹಿಡ್ಕೋ. ನನ್ನ ಬೆರಳ ಮೇಲೆ ನನಗೇ ನಂಬಿಕೆ ಇಲ್ಲ."

ಷಡ್ಡಕರು ವಿಮಾನ ಇಳಿಸಿಕೊಂಡು ಹತ್ತಿರ ಬಂದರು. ಅತ್ತೆಯ ಕೈಯನ್ನೂ ಮಾವನ ಕಂಟ್ರೋಲಿನ ಖಾಲಿ ಬೆನ್ನನ್ನೂ ನೋಡಿದರು. ತಮ್ಮ ಮಾಡ್ಯೂಲನ್ನೂ ಕಿತ್ತರು. "ಅಕ್ಕ, ನಂದು ಹಿಡ್ಕೊಳ್ಳಿ. ಅವರದು ಅವರಿಗೆ ಕೊಡಿ. ಅಣ್ಣ ಈಗ ಹಾರಿಸ್ಲಿ."

ಅತ್ತೆ ಮಾವನದನ್ನು ಮರಳಿಸಿದರು. ಆಮೇಲೆ ಕೇಳಿದರು: "ಅವಳು ಬಂದಿದಾಳಾ?"

"ವ್ಯಾನಲ್ಲಿ ಕೂತಿದಾಳೆ ಅಕ್ಕ. ಪ್ರತಿ ಶುಕ್ರವಾರಾನೂ ಬರ್ತಾಳೆ. ಹಾರೋದನ್ನ ಒಂದಿನಾನೂ ನೋಡಿಲ್ಲ. ಅವಿನಾಶಿ ದಾರೀನೇ ನೋಡ್ತಿರ್ತಾಳೆ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತಂಗಿಯತ್ತ ಓಡಿದರು. ಮೂರನೆಯ ವಿಮಾನ ಏರಿತು, ತಿರುಗಿತು, ಬೀಳಲಿಲ್ಲ. "ಇಲ್ಲಿ ನೋಡೇ!" ಎಂದು ಮಾವ ಕೂಗಿದರು. ಅತ್ತೆ ಆಗಲೇ ವ್ಯಾನಿನೊಳಗಿದ್ದರು.

ಷಡ್ಡಕರ ಮಾಡ್ಯೂಲ್ ಅತ್ತೆಯ ಮುಷ್ಟಿಯಲ್ಲೇ ಹೋಗಿತ್ತು. ಅದನ್ನು ಕೇಳಿ ತರಲು ಇಬ್ಬರೂ ಹೋಗಲಿಲ್ಲ. ಮಾವನ ವಿಮಾನವನ್ನೇ ಸರದಿಯ ಮೇಲೆ ಹಾರಿಸಿದರು. ಎಣ್ಣೆ ಮುಗಿದ ಮೇಲೂ, ವ್ಯಾನಿಗೆ ಬೆನ್ನು ತಿರುಗಿಸಿ, ಖಾಲಿ ಆಕಾಶವನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರು.