ಸೂಟ್‌ಕೇಸಿನೊಳಗಿನ ಚಷ್ಮಾ

ಅಣ್ಣತಮ್ಮಂದಿರು ಮೂವರು ಹೊಸ ಸೂಟ್‌ಕೇಸ್ ಕೊಂಡ ತಪ್ಪಿಗೆ ಆಳಂದದ ಟೇಲರ್ ಮೌಲಾಲಿ ಕಣ್ಣು ಕಳೆದುಕೊಂಡ. ಪೂರ್ತಿ ಕಳೆದುಕೊಂಡನೆಂದಲ್ಲ. ಎದುರಿಗೆ ಎತ್ತು ಬಂದರೆ ಎತ್ತು ಅನ್ನುವಷ್ಟು ಕಾಣುತ್ತಿತ್ತು, ಸೂಜಿಯ ಕಣ್ಣು ಮಾತ್ರ ಕಾಣುತ್ತಿರಲಿಲ್ಲ. ಟೇಲರನಿಗೆ ಎತ್ತು ಕಂಡು ಆಗಬೇಕಾದದ್ದೇನು?

ಆದದ್ದಿಷ್ಟು. ನರೋಣಾದಲ್ಲಿ ಹೊಲ ಮಾಡಿಕೊಂಡಿದ್ದ ಹಿರಿಯವ ದೊಡ್ಡಪ್ಪ, ಆಳಂದದಲ್ಲಿ ತೊಗರಿ ದಲ್ಲಾಳಿಯಾಗಿದ್ದ ಗುರಣ್ಣ, ಗೊಬ್ಬೂರಿಗೆ ಮನೆಯಳಿಯನಾಗಿ ಹೋದ ಶಾಂತಲಿಂಗಪ್ಪ, ಈ ಮೂವರೂ ಒಡಹುಟ್ಟಿದವರು. ತಾಯಿ ಬಿಟ್ಟುಹೋದ ಸೊಂಟದ ಬೆಳ್ಳಿ ಡಾಬನ್ನು ಮೂರು ತುಂಡು ಮಾಡಲು ಮನಸ್ಸಿಲ್ಲ. ಒಬ್ಬನ ಮನೆಯಲ್ಲಿಡಲು ಇನ್ನಿಬ್ಬರಿಗೆ ಧೈರ್ಯವಿಲ್ಲ. ಕೊನೆಗೆ ಸೊಲ್ಲಾಪುರದಿಂದ ನಂಬರ್ ಬೀಗದ ಸೂಟ್‌ಕೇಸ್ ತಂದರು. ಆ ಕಾಲಕ್ಕೆ ಊರಿಗೆ ಅದೇ ಮೊದಲನೆಯದು. ಬೀಗಕ್ಕೆ ಮೂರು ಅಂಕಿ, ಒಬ್ಬೊಬ್ಬನ ತಲೆಯಲ್ಲಿ ಒಂದೊಂದೇ ಅಂಕಿ. ಮೂವರೂ ಕೂಡದೆ ಬೀಗ ತೆರೆಯದು. ಸೂಟ್‌ಕೇಸ್ ಇರುವುದು ಮೂವರೂ ನಂಬುವ ಮೌಲಾಲಿಯ ಅಂಗಡಿಯಲ್ಲಿ.

ಒಂದು ಸಂಜೆ ಡಾಬನ್ನು ಒಳಗಿಟ್ಟು ಅಂಕಿ ಹೊಂದಿಸುವ ಹೊತ್ತಿಗೆ ಗುರಣ್ಣ, "ಮಾಸ್ತರ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಚಷ್ಮಾ ಒಂಚೂರು ತೆಗದಿಡ್ರಿ. ನಂಬರ್ ಕಾಣಬಾರದು ನೋಡ್ರಿ" ಅಂದ. ಮೌಲಾಲಿ ಮರ್ಯಾದಸ್ಥ. ಮರುಮಾತಾಡದೆ ತೆಗೆದು ಕೈಗೆ ಸಿಕ್ಕ ಜಾಗದಲ್ಲಿಟ್ಟ. ಅಣ್ಣತಮ್ಮಂದಿರು ಮುಚ್ಚಳ ಹಾಕಿ, ಅಂಕಿಗಳನ್ನು ಗಿರಗಿರ ತಿರುಗಿಸಿ ಕಲಸಿ, ಹಗುರಾಗಿ ಹೊರಟುಹೋದರು.

ಆ ಜಾಗ ಸೂಟ್‌ಕೇಸಿನ ಒಳಗೇ ಇತ್ತೆಂದು ಅವನಿಗೆ ಹೊಳೆದದ್ದು ಮಾರನೆಯ ಬೆಳಿಗ್ಗೆ. ಅಷ್ಟರಲ್ಲಿ ಮನೆ, ಅಂಗಡಿ, ಹೆಂಡತಿ ಮದೀನಾಬಿಯ ಉಪ್ಪಿನ ಡಬ್ಬಿ ಎಲ್ಲವನ್ನೂ ತಡಕಾಡಿ ಮುಗಿದಿತ್ತು.

ಮಾಮೂಲಿ ದಿನವಾಗಿದ್ದರೆ ನಡೆಯುತ್ತಿತ್ತು. ಆದರೆ ಅಂದು ಸಂಜೆ ಅಬ್ದುಲ್ ಗನಿಯ ಮಗನ ನಿಕಾಹ್. ಮದುಮಗನ ಶೇರ್ವಾನಿಗೆ ಕಾಲರು, ಗುಂಡಿ ಇನ್ನೂ ಬಾಕಿ. ಬಸ್‌ಸ್ಟ್ಯಾಂಡಿನ ಎದುರಿಗೆ ರೆಡಿಮೇಡ್ ಅಂಗಡಿ ಬೇರೆ ತೆರೆದಿತ್ತು. ಇಂದು ಮಾತು ತಪ್ಪಿದರೆ ನಾಳೆಯಿಂದ ಅವನ ಮಷೀನಿಗೆ ಹರಿದ ಪಾಯಜಾಮವಷ್ಟೇ ಗತಿ. ಮೌಲಾಲಿಗೆ ನಿಜಕ್ಕೂ ಭಯವಾಯಿತು.

ನೆರೆಹೊರೆಯವರು ಸುಮ್ಮನಿದ್ದಾರೆಯೇ? ಬೀಡಾ ಅಂಗಡಿಯ ಮುದುಕ ತನ್ನ ಚಷ್ಮಾ ಕೊಟ್ಟ. ಅದನ್ನು ಹಾಕಿಕೊಂಡರೆ ಶೇರ್ವಾನಿಗೆ ಮೂರು ತೋಳು ಕಂಡವು. ಆದರೂ ಧೈರ್ಯ ಮಾಡಿ ಕಾಲರು ಹೊಲಿದ. ಮದೀನಾಬಿ ಬಂದು ನೋಡಿ, ಒಳಮಗ್ಗಲು ಹೊರಗಾಗಿದೆ ಎಂದಳು. ಅದನ್ನು ಬಿಚ್ಚುವುದಕ್ಕೂ ಕಣ್ಣು ಬೇಕು.

ಚಹಾದ ಅಂಗಡಿಯವನು ಬೀಗ ಒಡೆದೇ ಬಿಡೋಣವೆಂದು ಸುತ್ತಿಗೆ ತಂದ. ಅದೇ ಹೊತ್ತಿಗೆ ಕೋರ್ಟಿಗೆ ಹೊರಟಿದ್ದ ನಾಗಣ್ಣ ವಕೀಲರು ಅಲ್ಲಿ ನಿಂತರು. ಬೇರೆಯವರು ನಂಬಿ ಇಟ್ಟ ಪೆಟ್ಟಿಗೆ ಒಡೆದರೆ ವಿಶ್ವಾಸದ್ರೋಹದ ಕೇಸಾಗುತ್ತದೆ, ಸುತ್ತಿಗೆ ತಂದವನನ್ನೂ ಬಿಡುವುದಿಲ್ಲ ಎಂದು ವಿವರಿಸಿದರು. ಚಹಾದವನು ಸುತ್ತಿಗೆಯನ್ನು ಬೆನ್ನ ಹಿಂದೆ ಮಾಡಿಕೊಂಡ.

"ಹಂಗಾರ ನಂಬರ್ ಹೇಳ್ರಿ ಅಂತ ಅವರಿಗೆ ಕಾಯ್ದೆ ಹಚ್ಚಾಕ ಬರ್ತೈತೇನ್ರಿ?" ಎಂದು ಮೌಲಾಲಿ ಕೇಳಿದ.

"ತಲಿಯೊಳಗಿನ ನಂಬರಿಗೆ ಯಾವ ಸಮನ್ಸೂ ಮುಟ್ಟಾಂಗಿಲ್ಲ, ಮಾಸ್ತರ. ಅದು ಅವರವರ ಖಾಸಗಿ ಆಸ್ತಿ" ಎಂದು ವಕೀಲರು ಸಂತೋಷದಿಂದಲೇ ಹೇಳಿದರು. ಒಂದೇ ಮಾತಿನಲ್ಲಿ ಎರಡೂ ಕಡೆಯ ಬಾಗಿಲು ಮುಚ್ಚುವ ಅವಕಾಶ ಅವರಿಗೆ ಕೋರ್ಟಿನಲ್ಲೂ ಸಿಕ್ಕಿರಲಿಲ್ಲ.

ಮೌಲಾಲಿ ದಲ್ಲಾಳಿಗಳು ಕೂರುವ ಅಡತಿ ಬಜಾರಕ್ಕೆ ಓಡಿದ. ಗುರಣ್ಣ, ಅಣ್ಣ ಬಾರದೆ ತನ್ನ ಅಂಕಿ ಬಾಯಿಂದ ಹೊರಡದು ಎಂದ. ಶಾಂತಲಿಂಗಪ್ಪ ಗೊಬ್ಬೂರಿನ ಬಸ್ಸು ತಪ್ಪಿಸಿಕೊಂಡು ಗುರಣ್ಣನ ಮನೆಯಲ್ಲೇ ಉಳಿದಿದ್ದದ್ದು ಒಂದು ಪುಣ್ಯ. ಅವನೂ ಅಣ್ಣನತ್ತಲೇ ಬೊಟ್ಟು ಮಾಡಿದ. ಸರಿ, ಮೌಲಾಲಿ ನರೋಣಾಕ್ಕೆ ಹೊರಟ. ಬೋರ್ಡು ಕಾಣದೆ ಉಮರ್ಗಾದ ಬಸ್ಸು ಹತ್ತಿ, ಮಹಾರಾಷ್ಟ್ರ ಇನ್ನೇನು ಬಂತು ಅನ್ನುವಾಗ ಕಂಡಕ್ಟರನಿಂದ ಬೈಸಿಕೊಂಡು ಇಳಿದ. ತಿರುಗಿ ಬಂದು, ನರೋಣಾ ಮುಟ್ಟಿ, ಹೊಲದಲ್ಲಿದ್ದ ದೊಡ್ಡಪ್ಪನ ಕೈ ಹಿಡಿದ. ಕಟ್ಟಿಕೊಂಡ ಹೆಂಡತಿ ಕೇಳಿದರೂ ಅಂಕಿ ಹೇಳಿಲ್ಲವೆಂದು ದೊಡ್ಡಪ್ಪ ಮೊದಲು ಜಂಬ ಕೊಚ್ಚಿಕೊಂಡ, ಆಮೇಲೆ ಎದ್ದು ಬಂದ.

ಇಳಿಹೊತ್ತಿಗೆ ಮೂವರೂ ಅಂಗಡಿಯಲ್ಲಿ ಕೂಡಿದರು. ಒಬ್ಬ ಅಂಕಿ ತಿರುಗಿಸುವಾಗ ಇನ್ನಿಬ್ಬರು ಗೋಡೆಗೆ ಮುಖ ಮಾಡಿ ನಿಂತರು. ತಿರುಗಿಸಿದವನು ತನ್ನ ಅಂಕಿಯ ಮೇಲೊಂದು ಬಟ್ಟೆಯ ಚೂರು ಮುಚ್ಚಿ ಸರಿದ. ಕೊನೆಗೆ ಬೀಗ ಟಕ್ ಎಂದಿತು. ಮುಚ್ಚಳ ಎದ್ದಿತು, ಬಟ್ಟೆಯ ಚೂರುಗಳು ಉದುರಿದವು.

ಮೂರೂ ಸೊನ್ನೆ.

"ಮರತ ಗಿರತೇನಿ ಅಂತ ನಂದು ಸೊಲ್ಲಾಪುರದ ಅಂಗಡ್ಯಾಗ ಹೆಂಗಿತ್ತೋ ಹಂಗ ಬಿಟ್ಟಿದ್ದೆ" ಎಂದು ಶಾಂತಲಿಂಗಪ್ಪ ಒಪ್ಪಿಕೊಂಡ. ಇನ್ನಿಬ್ಬರು ನೆಲ ನೋಡತೊಡಗಿದರು. ಅವರದೂ ಅದೇ ಕತೆ.

ಮೌಲಾಲಿ ಒಳಗೆ ಕೈ ಹಾಕಿ ಚಷ್ಮಾ ತಡಕುತ್ತಿದ್ದ. ಅಷ್ಟರಲ್ಲಿ ದೊಡ್ಡಪ್ಪ, "ಇದನ್ನ ಸಣ್ಣ ಕೂಸೂ ತಗೀತದಲೇ. ಮೊದಲ ನಂಬರ್ ಬದಲಿ ಆಗ್ಲಿ" ಎಂದು ಮುಚ್ಚಳವನ್ನು ಧಡ್ಡನೆ ಒತ್ತಿ ಹಿಡಿದ. ಮೌಲಾಲಿ ಬೆರಳುಗಳನ್ನು ಹೇಗೋ ಉಳಿಸಿಕೊಂಡ. ಅವನು ಏನೋ ಹೇಳುತ್ತಿದ್ದ, ಕೇಳುವವರಿರಲಿಲ್ಲ.

ಉಪಾಯ ಗುರಣ್ಣನದು. ತೊಗರಿ ವ್ಯಾಪಾರದಲ್ಲಿ ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಬೆರಳು ಹಿಡಿದು ದರ ಮುಗಿಸುತ್ತಾರೆ, ಪಕ್ಕದವನಿಗೂ ತಿಳಿಯದು. ಹೆಗಲ ಮೇಲಿನ ಟವೆಲನ್ನು ಬೀಗದ ಮೇಲೆ ಹಾಸಿ, "ಒಬ್ಬೊಬ್ರಾಗಿ ಕೈ ಹಾಕ್ರಿ. ಈ ಸಲ ದೇವರಿಗೂ ಕಾಣಬಾರದು" ಅಂದ. ಒಬ್ಬೊಬ್ಬರಾಗಿ ಟವೆಲಿನ ಕೆಳಗೆ ಕೈ ಹಾಕಿ, ನಂಬರ್ ಬದಲಿಸುವ ಗುಂಡಿ ಒತ್ತಿ, ಸೊನ್ನೆ ಬಿಟ್ಟು ದೂರ ಹೋಗುವಷ್ಟು ಅಂಕಿ ತಿರುಗಿಸಿ ಕೈ ತೆಗೆದರು. ಬೀಗ ಬಿತ್ತು. ಟವೆಲು ತೆಗೆಯುವ ಮೊದಲೇ ಅಂಕಿಗಳನ್ನು ಕಲಸಿದ್ದೂ ಆಯಿತು. ಮೂವರ ಮುಖದಲ್ಲೂ ಲಗ್ನ ಮುಗಿಸಿದ ಕಳೆ.

"ನನ್ನ ಚಷ್ಮಾ ಒಳಗ ಉಳೀತ್ರಿ" ಎಂದ ಮೌಲಾಲಿ.

"ಅದಕ್ಕೇನಾತ್ರಿ, ತೆಗದ ಕೊಡ್ತೇವಿ" ಎಂದು ದೊಡ್ಡಪ್ಪ ಉದಾರವಾಗಿ ಬೀಗದ ಮುಂದೆ ಕೂತ. ಅಂಕಿಯ ಮೇಲೆ ಬೆರಳಿಟ್ಟ. ಹಾಗೇ ಕೂತುಬಿಟ್ಟ. ಆಮೇಲೆ ಕತ್ತು ಕೆರೆದುಕೊಂಡು, ನೀ ಮೊದಲು ತಿರುಗಿಸು ಎಂದು ಗುರಣ್ಣನಿಗೆ ಹೇಳಿದ. ಗುರಣ್ಣ ಶಾಂತಲಿಂಗಪ್ಪನಿಗೆ ಹೇಳಿದ. ಶಾಂತಲಿಂಗಪ್ಪ ಟವೆಲಿನ ಮುಖ ನೋಡಿದ. ಅದರ ಕೆಳಗೆ ಒಬ್ಬನ ಅಂಕಿ ಇನ್ನೊಬ್ಬನಿಗೆ ಕಂಡಿರಲಿಲ್ಲ, ನಿಜ. ತನ್ನದು ತನಗೂ ಕಂಡಿರಲಿಲ್ಲ.

ಅತ್ತರಿನ ವಾಸನೆ ಬಂತು. ಶೇರ್ವಾನಿ ಒಯ್ಯಲು ಅಬ್ದುಲ್ ಗನಿ ಬಾಗಿಲಲ್ಲಿ ನಿಂತಿದ್ದ.

ದೊಡ್ಡಪ್ಪ ಎದ್ದು ಮೌಲಾಲಿಯ ಹೆಗಲ ಮೇಲೆ ಕೈಯಿಟ್ಟ. "ಮಾಸ್ತರ, ನಿಮ್ಮಂಥ ಇಮಾನದಾರ ಮನಷ್ಯಾ ಈ ಊರಾಗ ಇನ್ನೊಬ್ಬಿಲ್ಲ. ನಮ್ಮ ಮೂವರದೂ ಪರವಾನಗಿ ಐತಿ. ಸೊನ್ನಿಯಿಂದ ಸುರು ಮಾಡಿ ಒಂದೊಂದ ನಂಬರ್ ನೋಡ್ಕೋತ ಹೋಗ್ರಿ."

"ನೋಡಾಕ ಚಷ್ಮಾ ಬೇಕಲ್ರಿ" ಎಂದ ಮೌಲಾಲಿ.